ಹಳೇ ಪೇಟೆಗೆ ಮತ್ತೆ ಜನ ಬರಬೇಕಾದರೆ ನಗರಸಭೆ, ಪುರಸಭೆಗಳ ಕೈಯಲ್ಲಿ ಏನೇನಿದೆ? (ಕೊಡಗಿನ ಪಟ್ಟಣಗಳು)

ಪೇಟೆಬೀದಿ
ಸೋಮವಾರಪೇಟೆ, ಶನಿವಾರಸಂತೆ ಅಂತ ಹೆಸರಲ್ಲೇ ವಾರದ ಸಂತೆ ಇಟ್ಟುಕೊಂಡ ಊರುಗಳು ನಮ್ಮವು. ಮಡಿಕೇರಿಗೆ ಶುಕ್ರವಾರ, ವಿರಾಜಪೇಟೆಗೆ ಬುಧವಾರ, ಕುಶಾಲನಗರಕ್ಕೆ ಮಂಗಳವಾರ, ಗೋಣಿಕೊಪ್ಪಕ್ಕೆ ಭಾನುವಾರ. ಸಂತೆ ದಿನ ಕಾಲಿಡಲು ಜಾಗ ಇರುವುದಿಲ್ಲ, ಉಳಿದ ದಿನ ಹಳೇ ಪೇಟೆ ಬೀದಿ ಮಂಕು. ಪೇಟೆ ಅಭಿವೃದ್ಧಿ ಅಂದ ಕೂಡಲೇ ಸ್ವಾಗತ ಕಮಾನು, ಬಣ್ಣದ ದೀಪ, ಫೋಟೊ ತೆಗೆಸಿಕೊಳ್ಳುವ ಜಾಗದ ಮಾತೇ ಬರುತ್ತದೆ. ಸರ್ಕಾರದ ದೊಡ್ಡ ಯೋಜನೆಗೆ ಕಾಯದೆ, ಸ್ಥಳೀಯ ಸಂಸ್ಥೆ ತನ್ನ ಸ್ವಂತ ಅಧಿಕಾರದಲ್ಲೇ ಏನು ಮಾಡಬಹುದು? ಬಜೆಟ್ ಪೂರ್ವಭಾವಿ ಸಭೆಗೆ ಹೋಗುವವರಿಗೆ ಉಪಯೋಗವಾಗುವ ಹಾಗೆ, ವಿಷಯ ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ.

ಲೆಕ್ಕದಪುಸ್ತಕ
ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡೋಣ. ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಉದ್ದಿಮೆ ಪರವಾನಗಿ, ಮಳಿಗೆ ಬಾಡಿಗೆ, ಸಂತೆ ಸುಂಕ, ಜಾಹೀರಾತು ಶುಲ್ಕ. ಇದರಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಉಳಿದದ್ದರಲ್ಲಿ ಪೌರಕಾರ್ಮಿಕರ ಸಂಬಳ, ನೀರೆತ್ತುವ ಖರ್ಚು, ಕಸದ ಗಾಡಿ ಡೀಸೆಲ್ ಕಳೆಯಿರಿ. ಬೀದಿ ರಿಪೇರಿಗೆ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಸಣ್ಣ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅರ್ಧ ಕುಡಿಯುವ ನೀರು ಮತ್ತು ಮಳೆನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಶೇ 40 ಮಾತ್ರ ಮುಕ್ತ. ಇಲ್ಲಿ ಒಂದು ಸೂಕ್ಷ್ಮ ಇದೆ. ಪೇಟೆಯ ಸಾರ್ವಜನಿಕ ಶೌಚಾಲಯ, ಸಂತೆ ಮೈದಾನದ ಹಸಿ ಕಸ ವಿಲೇವಾರಿ, ಚಾವಣಿ ಮೇಲಿನ ಮಳೆನೀರು ಸಂಗ್ರಹ ಇವೆಲ್ಲ ನಿರ್ಬಂಧಿತ ಭಾಗದಲ್ಲೇ ಕೂರುತ್ತವೆ. ಕ್ರಿಯಾ ಯೋಜನೆಯಲ್ಲಿ ಇವನ್ನು ಅಲ್ಲಿ ಹಾಕಿದರೆ ಮುಕ್ತ ಭಾಗ ಪೂರ್ತಿ ಕಾಲುದಾರಿಗೂ ದೀಪಕ್ಕೂ ಸಿಗುತ್ತದೆ. ಎಲ್ಲವನ್ನೂ ಮುಕ್ತ ಭಾಗದಲ್ಲೇ ತುರುಕಿ, ಆಮೇಲೆ ಹಣ ಸಾಲದು ಅನ್ನುವುದು ಸಾಮಾನ್ಯ ತಪ್ಪು. ಮುಂದಿನ ಅವಧಿಯ ಅನುದಾನ ಬಂದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದರಲ್ಲಿ ಎಷ್ಟು ಭಾಗ ಕಟ್ಟಿಹಾಕಿದ್ದು, ಎಷ್ಟು ಭಾಗ ಬಿಟ್ಟದ್ದು?

ಸಮಯ ಇನ್ನೂ ಮುಖ್ಯ. ಮಾರ್ಚಿನಲ್ಲಿ ಬಜೆಟ್ ಪಾಸಾಗಿ, ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಅಂತ ಹೋದರೆ ಗುದ್ದಲಿ ನೆಲಕ್ಕೆ ಬೀಳುವುದು ಜೂನ್‌ಗೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀದಿ ಅಗೆಯುವುದೆಂದರೆ ಹಣವನ್ನು ಚರಂಡಿಗೆ ಸುರಿದಂತೆ. ಮಳೆಗಾಲದಲ್ಲೇ ಅಳತೆ ಮತ್ತು ಅಂದಾಜು ಮುಗಿಸಿ, ಅಕ್ಟೋಬರ್‌ನಲ್ಲಿ ಟೆಂಡರ್ ಕರೆದು, ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಕೆಲಸ ಮುಗಿಸಬೇಕು. ಅಂದರೆ ಈ ವರ್ಷದ ಬಜೆಟ್‌ನಲ್ಲಿ ಸೇರುವ ಕಾಮಗಾರಿಯ ನಕ್ಷೆ ಹೋದ ಮಳೆಗಾಲದಲ್ಲೇ ತಯಾರಾಗಿರಬೇಕಿತ್ತು.

ಮಟ್ಟಗೋಲು
ಲೆಕ್ಕದಪುಸ್ತಕದವರ ಕೊನೇ ಮಾತಿಗೆ ಪೂರ್ತಿ ಒಪ್ಪಿಗೆ. ಮಳೆಗಾಲದಲ್ಲಿ ಅಳತೆ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಅಂಗಡಿಯ ಚಾವಣಿ ನೀರು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ಬೇಸಿಗೆಯಲ್ಲಿ ಕಾಣುವುದೇ ಇಲ್ಲ.

ಕೊಡಗಿನ ಪೇಟೆ ಬೀದಿಯಲ್ಲಿ ಮೊದಲ ಕೆಲಸ ನೀರು, ಕಲ್ಲು ಹಾಸುವುದು ಆಮೇಲೆ. ಲೆಕ್ಕ ನೋಡಿ: ಗಂಟೆಗೆ 100 ಮಿ.ಮೀ ಮಳೆ ಬಿದ್ದರೆ 1000 ಚದರ ಮೀಟರ್ ಚಾವಣಿ ಮತ್ತು ರಸ್ತೆಯಿಂದ ಗಂಟೆಗೆ 100 ಘನ ಮೀಟರ್ ನೀರು, ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಹದಿನೈದು ಅಂಗಡಿಗಳ ಒಂದು ಸಾಲಿಗೇ ಇಷ್ಟು. ಇದಕ್ಕೆ ಮೇಲಿನ ಗುಡ್ಡದಿಂದ ಇಳಿದು ಬರುವ ನೀರು ಸೇರಿಸಿಕೊಂಡು ಚರಂಡಿಯ ಅಗಲ ತೀರ್ಮಾನಿಸಬೇಕು. ಬೇರೆ ಜಿಲ್ಲೆಯ ಅಂದಾಜು ಪಟ್ಟಿಯನ್ನು ನಕಲು ಮಾಡಿದರೆ ಮೊದಲ ಆಟಿ (ಜುಲೈ, ಆಗಸ್ಟ್) ಮಳೆಗೇ ಚರಂಡಿ ಉಕ್ಕಿ ಅಂಗಡಿ ಒಳಗೆ ಬರುತ್ತದೆ.

ಚರಂಡಿ ಮೇಲಿನ ಚಪ್ಪಡಿ ಇಬ್ಬರು ಎತ್ತುವ ಹಾಗಿರಬೇಕು. 600 × 450 × 100 ಮಿ.ಮೀ ಕಾಂಕ್ರೀಟ್ ಚಪ್ಪಡಿ ಸುಮಾರು 67 ಕೆ.ಜಿ ತೂಗುತ್ತದೆ, ಅದಕ್ಕಿಂತ ದೊಡ್ಡದು ಬೇಡ. ಎತ್ತಲು ಕೊಂಡಿ ಅಥವಾ ತೂತು ಬಿಡಬೇಕು. ಚಪ್ಪಡಿಗೆ ಗಾರೆ ಹಾಕಿ ಮುಚ್ಚಿ, ಮೇಲೆ ಟೈಲ್ಸ್ ಅಂಟಿಸಿದರೆ ನೋಡಲು ಚೆಂದ. ಆದರೆ ಮೇ ತಿಂಗಳಲ್ಲಿ ಹೂಳು ತೆಗೆಯಬೇಕಾದಾಗ ಒಡೆಯದೆ ಬೇರೆ ದಾರಿ ಇಲ್ಲ, ಹಾಗಾಗಿ ಯಾರೂ ತೆಗೆಯುವುದಿಲ್ಲ. ಮೂರನೇ ವರ್ಷಕ್ಕೆ ಚರಂಡಿ ಪೂರ್ತಿ ಮಣ್ಣು.

ನಡೆಯುವ ದಾರಿಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಚಿನ ಕಲ್ಲಿನ ಎತ್ತರ 150 ಮಿ.ಮೀ ಮೀರಬಾರದು. ಇಳಿಜಾರು ದಾರಿ 12ಕ್ಕೆ 1 (12 ಅಡಿ ಉದ್ದಕ್ಕೆ 1 ಅಡಿ ಏರು). ಮಡಿಕೇರಿಯಂಥ ಏರುತಗ್ಗಿನ ಊರಲ್ಲಿ ಎಲ್ಲ ಕಡೆ ಇದು ಸಾಧ್ಯವಿಲ್ಲ ನಿಜ, ಆದರೆ ಬಸ್ ನಿಲ್ದಾಣ, ಆಸ್ಪತ್ರೆ, ಮಾರುಕಟ್ಟೆ ನಡುವಿನ ಒಂದು ದಾರಿಯನ್ನಾದರೂ ಹೀಗೆ ಪೂರ್ತಿ ಮಾಡಬೇಕು. ಮೂರು ಬೀದಿಯಲ್ಲಿ ತುಂಡು ತುಂಡು ಮಾಡುವುದಕ್ಕಿಂತ ಅದು ಮೇಲು.

ಇಂಟರ್‌ಲಾಕ್ ಕಲ್ಲು ಏಕೆ ಕಿತ್ತುಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕಲ್ಲಿನ ತಪ್ಪು ಅಪರೂಪ. ಜನ ಮಾತ್ರ ಓಡಾಡುವ ಕಡೆ 60 ಮಿ.ಮೀ ಸಾಕು, ಸರಕಿನ ಗಾಡಿ ಹತ್ತುವ ಕಡೆ 80 ಮಿ.ಮೀ ಬೇಕು. ಕೆಳಗಿನ ಮರಳಿನ ಪದರ 20ರಿಂದ 40 ಮಿ.ಮೀ ಒಳಗಿರಬೇಕು. ನೆಲದ ಏರುಪೇರು ಮುಚ್ಚಲು 100 ಮಿ.ಮೀ ಮರಳು ಸುರಿದರೆ ನಮ್ಮ ಮಳೆ ಅದನ್ನು ಕೆಳಗಿಂದಲೇ ಹೊತ್ತೊಯ್ಯುತ್ತದೆ. ಅಂಚಿನ ಕಲ್ಲು ಗಟ್ಟಿ ಇಲ್ಲದಿದ್ದರೆ ಸಾಲು ಸರಿಯುತ್ತದೆ. ಅಡ್ಡ ಇಳಿಜಾರು ಶೇ 2 ಇಡಬೇಕು. ಸಮತಟ್ಟು ಹಾಸಿದರೆ ಪಾಚಿ ಕಟ್ಟಿ ಜುಲೈನಲ್ಲಿ ಜನ ಜಾರಿ ಬೀಳುತ್ತಾರೆ. ನುಣುಪಾದ ಬಣ್ಣದ ಟೈಲ್ಸ್ ಅಂತೂ ಕೊಡಗಿಗೆ ಸಲ್ಲದು.

ಮತ್ತೆ, ಹಾಸುವ ಮುಂಚೆ ಸೆಸ್ಕ್ (ವಿದ್ಯುತ್ ಕಂಪನಿ), ದೂರವಾಣಿ, ಕುಡಿಯುವ ನೀರು, ಒಳಚರಂಡಿ ನಾಲ್ವರನ್ನೂ ಒಂದೇ ಮೇಜಿಗೆ ಕೂರಿಸಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ರಸ್ತೆಗೆ ಅಡ್ಡಲಾಗಿ ಅಲ್ಲಲ್ಲಿ ಎರಡೆರಡು 150 ಮಿ.ಮೀ ಖಾಲಿ ಪೈಪ್ ಹೂತಿಟ್ಟರೆ ಮುಂದೆ ಕೇಬಲ್‌ಗಾಗಿ ಅಗೆಯುವುದು ತಪ್ಪುತ್ತದೆ.

ಮಂಜುಮುಸುಕು
ಒಂದು ಸಂದೇಹ ಮಟ್ಟಗೋಲು ಸರ್. ಮಳೆಗಾಲದಲ್ಲಿ ಕೊಡೆ ಹಿಡಿದು ಬೀದಿಯುದ್ದಕ್ಕೂ ಅಂಗಡಿ ಹತ್ತಿಳಿಯುವುದೇ ಕಷ್ಟ. ಹಳೇ ಹಂಚಿನ ಕಟ್ಟಡಗಳಲ್ಲಿ ಜಗಲಿ ಇತ್ತು, ಮಾಡು (ಸೂರು) ಮುಂದಕ್ಕೆ ಚಾಚಿತ್ತು, ನೆನೆಯದೆ ನಡೆಯಬಹುದಿತ್ತು. ಈಗಿನ ತಾರಸಿ ಕಟ್ಟಡಗಳಿಗೆ ಅದಿಲ್ಲ. ಸಾಲು ಚಾವಣಿ ಹಾಕಿಸಲು ಪುರಸಭೆಗೆ ಆಗುತ್ತದಾ?

ಮಟ್ಟಗೋಲು
ಆಗುತ್ತದೆ, ಮತ್ತು ಕೊಡಗಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ವರ್ಷದ ಮೂರನೇ ಒಂದು ಭಾಗ ಗಿರಾಕಿ ನೆನೆಯುತ್ತಾನೆ ಅನ್ನುವ ಒಂದೇ ಕಾರಣಕ್ಕೆ ವ್ಯಾಪಾರ ಕುಸಿಯುತ್ತದೆ.

ಆದರೆ ಎಚ್ಚರಿಕೆಗಳಿವೆ. ಕಂಬ ಕಾಲುದಾರಿ ಮಧ್ಯೆ ಬರಬಾರದು, ಕಟ್ಟಡದ ಗೋಡೆಯಿಂದಲೇ ಆಧಾರ ಕೊಡುವುದು ಉತ್ತಮ. ಅದಕ್ಕೆ ಮಾಲೀಕರ ಒಪ್ಪಿಗೆ ಪತ್ರ ಬೇಕು, ಗೋಡೆ ತಾಳುತ್ತದೋ ಇಲ್ಲವೋ ಎಂಜಿನಿಯರ್ ನೋಡಬೇಕು. ಮುಂಭಾಗದಲ್ಲಿ ದೋಣಿ (ಚಾವಣಿ ಅಂಚಿನ ನೀರು ಹಿಡಿಯುವ ತೊಟ್ಟಿಸಾಲು) ಹಾಕಿ ನೀರನ್ನು ಕೊಳವೆಯಲ್ಲಿ ನೇರ ಚರಂಡಿಗೆ ಇಳಿಸಬೇಕು. 100 ಮಿ.ಮೀ ವ್ಯಾಸದ ಒಂದು ಕೊಳವೆಗೆ ಗಂಟೆಗೆ 100 ಮಿ.ಮೀ ಮಳೆಯಲ್ಲಿ ಸುಮಾರು 40 ಚದರ ಮೀಟರ್ ಚಾವಣಿ ಅಂತ ಹಿಡಿಯಿರಿ. ಎಲೆ, ಪಾಚಿ ಕಟ್ಟಿಕೊಳ್ಳುವುದರಿಂದ ಅದಕ್ಕಿಂತ ಹೆಚ್ಚು ಹೊರಿಸಬೇಡಿ.

ಮಡಿಕೇರಿಗೆ ವಿಶೇಷ ಷರತ್ತು ಒಂದಿದೆ. ದಸರಾ ರಾತ್ರಿ ದೇವಸ್ಥಾನಗಳ ಹತ್ತು ಮಂಟಪಗಳು ಟ್ರ್ಯಾಕ್ಟರ್ ಮೇಲೆ ಇದೇ ಬೀದಿಗಳಲ್ಲಿ ಸಾಗುತ್ತವೆ. ಚಾವಣಿಯ ಅಂಚು ಕಾಲುದಾರಿಯ ಅಂಚಿನ ಕಲ್ಲನ್ನು ದಾಟಬಾರದು. ರಸ್ತೆ ಮಧ್ಯೆ ಕಾಯಂ ವಿಭಜಕ, ಕಮಾನು, ತಗ್ಗಿನಲ್ಲಿ ತೂಗುವ ದೀಪದ ಸರ ಬೇಡ. ವಾಹನ ತಡೆಯುವ ಗೂಟಗಳು ಕಳಚಿ ತೆಗೆಯುವಂಥವೇ ಇರಬೇಕು. ನಕ್ಷೆ ಹಂತದಲ್ಲೇ ದಸರಾ ಸಮಿತಿಯವರನ್ನೂ ದಸರಾ ಕರಗ ಹೊರಡಿಸುವ ದೇವಸ್ಥಾನಗಳವರನ್ನೂ ಕೇಳದಿದ್ದರೆ ಮೊದಲ ನವರಾತ್ರಿಗೇ ಕೀಳಬೇಕಾಗುತ್ತದೆ.

ಹೊಳೆಬದಿ
ಪ್ರವಾಸಿಗಳನ್ನು ಯಾರೂ ಎತ್ತಲೇ ಇಲ್ಲವಲ್ಲ. ರಾಜಾಸೀಟು, ಕೋಟೆ, ಓಂಕಾರೇಶ್ವರ ದೇವಸ್ಥಾನ ನೋಡಲು ಬಂದವರು ಪೇಟೆಯಲ್ಲಿ ಒಂದು ಗಂಟೆ ಹೆಚ್ಚು ನಿಂತರೆ ಎಷ್ಟೋ ವ್ಯಾಪಾರ. ನನ್ನ ಪ್ರಕಾರ ಮೊದಲು ಬೇಕಾದದ್ದು ಬಹುಮಹಡಿ ಪಾರ್ಕಿಂಗ್.

ಲೆಕ್ಕದಪುಸ್ತಕ
ಹೊಳೆಬದಿಯವರೇ, ಕಟ್ಟುವ ಮುಂಚೆ ಈಗಿರುವ ಜಾಗದ ಲೆಕ್ಕ ನೋಡಿ. ಉದಾಹರಣೆಗೆ ಒಂದು ಬೀದಿಯಲ್ಲಿ 40 ಕಾರು ನಿಲ್ಲುವ ಜಾಗ, ದಿನಕ್ಕೆ 10 ಗಂಟೆ ವ್ಯಾಪಾರ ಅಂದುಕೊಳ್ಳಿ. ಒಬ್ಬ ಗಿರಾಕಿ ಸರಾಸರಿ 45 ನಿಮಿಷ ನಿಲ್ಲಿಸಿದರೆ ದಿನಕ್ಕೆ 533 ಗಾಡಿಗೆ ಅವಕಾಶ. ಅದರಲ್ಲಿ 25 ಜಾಗವನ್ನು ಅಂಗಡಿಯವರ, ಕೆಲಸದವರ ಗಾಡಿಗಳೇ ಬೆಳಗ್ಗಿಂದ ಸಂಜೆ ತನಕ ಹಿಡಿದರೆ ಉಳಿದ 15ರಲ್ಲಿ 200 ಗಾಡಿ ಅಷ್ಟೇ. ಒಂದು ರೂಪಾಯಿ ಕಟ್ಟಡಕ್ಕೆ ಹಾಕದೆ, ಅಂಗಡಿ ಮಾಲೀಕರ ಗಾಡಿಗಳನ್ನು ಐದು ನಿಮಿಷ ನಡೆಯುವ ದೂರದ ಮಾಸಿಕ ಪಾಸಿನ ಜಾಗಕ್ಕೆ ಸರಿಸಿದರೆ ಸಿಗುವ ಲಾಭ ಇದು. ಮೊದಲ ಅರ್ಧ ಗಂಟೆ ಉಚಿತ, ಎರಡನೇ ಗಂಟೆಯಿಂದ ದರ ಏರುತ್ತಾ ಹೋಗಬೇಕು. ಔಷಧ ತೆಗೆದುಕೊಳ್ಳಲು ಬಂದವನಿಗೂ ಇಡೀ ದಿನ ನಿಲ್ಲಿಸಿ ಜಲಪಾತಕ್ಕೆ ಹೋದವನಿಗೂ ಒಂದೇ ದರ ಇಟ್ಟರೆ ಪ್ರಯೋಜನವಿಲ್ಲ.

ಪ್ರವಾಸಿ ಬೇಡ ಅಂತಲ್ಲ. ಆದರೆ ಪ್ರವಾಸಿ ಶನಿವಾರ ಭಾನುವಾರ ಬರುತ್ತಾನೆ, 2018ರ ಆಗಸ್ಟ್‌ನಂಥ ದುರಂತ ಬಂದರೆ ತಿಂಗಳುಗಟ್ಟಲೆ ಬರುವುದೇ ಇಲ್ಲ. ಬಟವಾಡೆ ಹಿಡಿದು ಸಂತೆಗೆ ಬರುವ ತೋಟದ ಕಾರ್ಮಿಕರು, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು ವರ್ಷವಿಡೀ ಬರುತ್ತಾರೆ. ಪೇಟೆಯ ಅಡಿಪಾಯ ಅವರು. ಅವರಿಗೆ ಬೇಕಾದದ್ದು ಶೌಚಾಲಯ, ಬಸ್ ನಿಲ್ದಾಣದಿಂದ ಸಂತೆಗೆ ನೆನೆಯದ ದಾರಿ, ಕೂರಲು ಕಟ್ಟೆ.

ಹೊಳೆಬದಿ
ಈ ಲೆಕ್ಕ ಒಪ್ಪುತ್ತೇನೆ. ಆದರೂ ಟೂರಿಸ್ಟ್ ಬಸ್ಸುಗಳಿಗೆ ಪೇಟೆ ಹೊರಗೆ ನಿಲ್ಲುವ ಜಾಗ ಬೇಕೇ ಬೇಕು. ಅವು ತಿರುವಿನಲ್ಲಿ ನಿಂತರೆ ಇಡೀ ಊರು ನಿಲ್ಲುತ್ತದೆ.

ಲೆಕ್ಕದಪುಸ್ತಕ
ಅದು ಸರಿಯಾದ ಮಾತು. ಆ ಜಾಗದಲ್ಲಿ ಶೌಚಾಲಯ ಮತ್ತು ಪೇಟೆಗೆ ನಡೆಯುವ ದಾರಿಯ ನಕ್ಷೆ ಫಲಕ ಎರಡೂ ಇರಲಿ.

ಸಂತೆಕಟ್ಟೆ
ಸಂತೆ ಮತ್ತು ಬೀದಿ ವ್ಯಾಪಾರದ ಬಗ್ಗೆ ನಾನು ಬರೆಯುತ್ತೇನೆ. ಪೇಟೆ ಚೆಂದ ಮಾಡುವ ಮೊದಲ ಹೆಜ್ಜೆಯಾಗಿ ಗಾಡಿಗಳನ್ನು ಎಬ್ಬಿಸುವ ರೂಢಿ ಇದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ದಂಡ ಕಟ್ಟಿ ಕೇಳಿದರೆ ಹಣ್ಣು ತರಕಾರಿಯಂಥದ್ದನ್ನು ಅದೇ ದಿನ, ಬೇರೆ ಸರಕನ್ನು ಎರಡು ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ಆಗಬೇಕು. ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಎಲ್ಲರಿಗೂ ಜಾಗ ಹೊಂದಿಸಬೇಕು. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,381, ಅದರ ಪ್ರಕಾರ ಮಿತಿ ಸುಮಾರು 834.

ಕೊಡಗಿನಲ್ಲಿ ಸಮೀಕ್ಷೆ ತಪ್ಪುವುದು ಒಂದೇ ಕಡೆ: ಬೇಸಿಗೆಯಲ್ಲಿ ಮಾಡುತ್ತಾರೆ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಮರಕೆಸ, ಅಣಬೆ ತರುವ ಹೆಂಗಸರು ಆಗ ಪೇಟೆಯಲ್ಲೇ ಇರುವುದಿಲ್ಲ, ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಇವರಿಗಾಗಿ ಸಮೀಕ್ಷೆಗೆ ಜುಲೈ, ಆಗಸ್ಟ್‌ನ ಒಂದು ಸುತ್ತು ಸೇರಿಸಬೇಕು, ಇಲ್ಲವೇ ಸಂತೆಯಲ್ಲಿ ಒಂದಷ್ಟು ಜಾಗವನ್ನು ದಿನದ ಚೀಟಿಗೆ ಮೀಸಲಿಡಬೇಕು.

ಸಂತೆ ಕಟ್ಟೆಗಳು ಖಾಲಿ ಬಿದ್ದು, ವ್ಯಾಪಾರಿಗಳು ಎದುರಿಗೆ ನೆಲದಲ್ಲಿ ಕೂರುವುದನ್ನು ಎಲ್ಲರೂ ನೋಡಿದ್ದೀರಿ. ಗಿರಾಕಿ ಬಾಗಿಲಲ್ಲಿ ಸಿಕ್ಕಿದವನ ಹತ್ತಿರವೇ ಕೊಳ್ಳುತ್ತಾನೆ, ಒಳಗೆ ಕೂತವನಿಗೆ ವ್ಯಾಪಾರವಿಲ್ಲ, ಅವನೂ ಹೊರಗೆ ಬರುತ್ತಾನೆ. ಇದಕ್ಕೆ ಪೊಲೀಸರನ್ನು ನಿಲ್ಲಿಸಿ ಪ್ರಯೋಜನವಿಲ್ಲ. ಎರಡು ಬದಿಯಲ್ಲೂ ಪ್ರವೇಶ ಇಡಬೇಕು, ಮೀನು ಮತ್ತು ಒಣಮೀನಿನ ಸಾಲನ್ನು ಒಳತುದಿಯಲ್ಲಿ ಹಾಕಬೇಕು (ಅದಕ್ಕಾಗಿ ಬರುವವರು ಒಳಗೆ ಬಂದೇ ಬರುತ್ತಾರೆ), ಕಟ್ಟೆಗಳನ್ನು ತಿಂಗಳಿಗೊಮ್ಮೆ ಚೀಟಿ ಎತ್ತಿ ಬದಲಿಸಬೇಕು. ಕಟ್ಟೆ ಎತ್ತರ 450 ಮಿ.ಮೀ ಸಾಕು, ಸಾಲುಗಳ ನಡುವೆ 2.5ರಿಂದ 3 ಮೀಟರ್ ದಾರಿ, ನೆಲಕ್ಕೆ 60ಕ್ಕೆ 1 ಇಳಿಜಾರು. ಚಾವಣಿಯ ಅಂಚು ಕಟ್ಟೆಯಿಂದ ಒಂದು ಮೀಟರಾದರೂ ಹೊರಗೆ ಚಾಚಬೇಕು, ನಮ್ಮ ಮಳೆ ಓರೆಯಾಗಿ ಹೊಡೆಯುತ್ತದೆ.

ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹೆಚ್ಚು ಬಿಡ್ ಬಂದರೆ ಕಚೇರಿಗೆ ಖುಷಿ, ಆದರೆ ಗುತ್ತಿಗೆದಾರ ಆ ಹಣವನ್ನು ಸೊಪ್ಪು ಮಾರುವವರಿಂದಲೇ ಎತ್ತಬೇಕು. ಹಾಗಾಗಿ ಹರಾಜಿನ ಷರತ್ತಿನಲ್ಲೇ ಮೂರು ಮಾತು ಬರೆಸಿ: ದರಪಟ್ಟಿಯ ಫಲಕ ಸಂತೆಯ ಎಲ್ಲ ಬಾಗಿಲಲ್ಲಿ, ಕ್ರಮಸಂಖ್ಯೆ ಇರುವ ರಸೀದಿ, ಹೆಚ್ಚು ವಸೂಲಿ ಮಾಡಿದರೆ ಠೇವಣಿಯಿಂದ ದಂಡ.

ಮಂಜುಮುಸುಕು
ಸಂತೆಕಟ್ಟೆ ಮೇಡಂ, ವ್ಯಾಪಾರಿಗಳ ಸಾಲ ಈಗಲೂ ಇದೆಯಾ?

ಸಂತೆಕಟ್ಟೆ
ಪಿಎಂ ಸ್ವನಿಧಿ (ಬೀದಿ ವ್ಯಾಪಾರಿಗಳಿಗೆ ಕೇಂದ್ರದ ಸಾಲ ಯೋಜನೆ) 2030ರ ಮಾರ್ಚ್ ತನಕ ವಿಸ್ತರಣೆಯಾಗಿದೆ. ಮೊದಲ ಕಂತು 10,000 ಇದ್ದದ್ದು 15,000 ಆಗಿದೆ, ಎರಡನೆಯದು 25,000, ಮೂರನೆಯದು 50,000 ರೂಪಾಯಿ. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ 7 ಸಹಾಯಧನ. ಪ್ರಮಾಣಪತ್ರ ಇಲ್ಲದವರಿಗೆ ಸ್ಥಳೀಯ ಸಂಸ್ಥೆ ಶಿಫಾರಸು ಪತ್ರ ಕೊಡಬಹುದು. ಬಹಳ ಸಲ ಕೆಲಸ ನಿಲ್ಲುವುದು ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರದ ಕಾರಣಕ್ಕೆ. ಸಂತೆ ದಿನವೇ ಸಂತೆ ಮೈದಾನದಲ್ಲಿ ಒಂದು ಮೇಜು ಹಾಕಿ ಅರ್ಜಿ ತುಂಬಿಸಿದರೆ ಕೆಲಸ ಆಗುತ್ತದೆ. ಕಚೇರಿಗೆ ಬನ್ನಿ ಅಂದರೆ ಒಂದು ದಿನದ ವ್ಯಾಪಾರ ಬಿಟ್ಟು ಯಾರು ಬರುತ್ತಾರೆ?

ಕರಿಮೆಣಸು
ಸಂತೆಕಟ್ಟೆ ಅವರ ಮಾತಿಗೆ ಸೇರಿಸುವುದು ಇಷ್ಟು. ಮನೆಯಲ್ಲಿ ಕಾಫಿಪುಡಿ, ಉಪ್ಪಿನಕಾಯಿ, ಕಾಚಂಪುಳಿ (ಹಣ್ಣಿನಿಂದ ಮಾಡುವ ಕಪ್ಪು ಹುಳಿರಸ) ಮಾಡುವವರಿಗೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದಿಂದ ಶೇ 35, ರಾಜ್ಯದಿಂದ ಶೇ 15, ಒಟ್ಟು ಗರಿಷ್ಠ 15 ಲಕ್ಷ ರೂಪಾಯಿ ತನಕ ಸಾಲಕ್ಕೆ ಜೋಡಿಸಿದ ಸಹಾಯಧನ 2025-26ರ ತನಕ ಇತ್ತು, ಮುಂದುವರಿದಿದೆಯೇ ಕೇಳಿ ನೋಡಿ. ಸ್ವಂತ ಪಾಲು ಶೇ 10. ಪುರಸಭೆ ಮಾಡಬಹುದಾದ ಸಹಾಯ ಎಂದರೆ ಖಾಲಿ ಬಿದ್ದಿರುವ ಒಂದು ಮಳಿಗೆಯನ್ನು ಸ್ವಸಹಾಯ ಸಂಘಗಳಿಗೆ ಸರದಿ ಮೇಲೆ ಕೊಡುವುದು. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಾಗಿದ್ದೂ ಪೇಟೆಯಲ್ಲಿ ಕೊಡಗಿನದು ಅಂತ ಬರೆದು ಎಲ್ಲಿಯದೋ ಸರಕು ಮಾರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಸರದಿ ಮಳಿಗೆಯಲ್ಲಾದರೂ ಬೆಳೆದ ಊರು, ಪುಡಿ ಮಾಡಿದ ದಿನಾಂಕ, ಚಿಕೋರಿ ಪ್ರಮಾಣ ಬರೆದೇ ಮಾರಬೇಕು ಅನ್ನುವ ಷರತ್ತು ಇರಲಿ.

ಪೇಟೆಬೀದಿ
ಮಳಿಗೆಗಳ ವಿಷಯ ಬಂತು. ಹರಾಜಿನಲ್ಲಿ ಪೈಪೋಟಿಗೆ ಬಿದ್ದು ಏರಿಸುತ್ತಾರೆ, ಆರು ತಿಂಗಳಲ್ಲಿ ಬೀಗ ಬೀಳುತ್ತದೆ. ಇದಕ್ಕೇನು ಪರಿಹಾರ?

ಲೆಕ್ಕದಪುಸ್ತಕ
12 ಮಳಿಗೆಗಳ ಸಂಕೀರ್ಣ ಅಂದುಕೊಳ್ಳಿ. ಬಾಡಿಗೆ 8,000 ಇದ್ದು ಮೂರಕ್ಕೆ ಬೀಗ ಬಿದ್ದರೆ ತಿಂಗಳಿಗೆ 72,000. ಬಾಡಿಗೆ 6,500 ಇದ್ದು ಎಲ್ಲ ತೆರೆದಿದ್ದರೆ 78,000. ಬೀಗ ಬಿದ್ದ ಮಳಿಗೆ ಪಕ್ಕದವನ ವ್ಯಾಪಾರವನ್ನೂ ತಿನ್ನುತ್ತದೆ, ಆ ನಷ್ಟ ಈ ಲೆಕ್ಕದಲ್ಲಿ ಬಂದೇ ಇಲ್ಲ.

ಮಾಡಬೇಕಾದದ್ದು: ಕನಿಷ್ಠ ಬಾಡಿಗೆಯನ್ನು ಅಕ್ಕಪಕ್ಕದ ಖಾಸಗಿ ಮಳಿಗೆಗಳ ನಿಜವಾದ ಬಾಡಿಗೆ ನೋಡಿ ನಿಗದಿ ಮಾಡುವುದು. ಬಾಕಿ ಉಳಿಸಿದವನು, ಅವನ ಮನೆಯವರು ಮುಂದಿನ ಹರಾಜಿಗೆ ಬರುವಂತಿಲ್ಲ ಅನ್ನುವ ಷರತ್ತು. ಬಿಡ್ ಮೊತ್ತ ಏರಿದಂತೆ ಠೇವಣಿಯೂ ಏರಬೇಕು, ಹಾಗಾದರೆ ಸುಮ್ಮನೆ ಕೂಗುವವರು ಹಿಂದೆ ಸರಿಯುತ್ತಾರೆ. ಒಳಬಾಡಿಗೆ ಪತ್ತೆಗೆ ಸುಲಭ ದಾರಿ ಇದೆ, ಉದ್ದಿಮೆ ಪರವಾನಗಿ ಮತ್ತು ವಿದ್ಯುತ್ ಬಿಲ್ಲಿನ ಹೆಸರನ್ನು ಕರಾರಿನ ಹೆಸರಿನ ಜೊತೆ ತಾಳೆ ನೋಡಿ. ಮೂರೂ ಬೇರೆ ಬೇರೆ ಇದ್ದರೆ ನೋಟಿಸ್.

ಬಾಡಿಗೆ ಮೇಲಿನ ಶೇ 18 ಜಿಎಸ್‌ಟಿ ಬಗ್ಗೆ ಗೊಂದಲ ಜಾಸ್ತಿ. ಬಾಡಿಗೆದಾರ ಜಿಎಸ್‌ಟಿ ನೋಂದಣಿ ಇರುವವನಾದರೆ ಹಿಮ್ಮುಖ ಪಾವತಿಯಲ್ಲಿ ಅವನೇ ಸರ್ಕಾರಕ್ಕೆ ಕಟ್ಟಬೇಕು. ನೋಂದಣಿ ಇಲ್ಲದಿದ್ದರೆ ಸ್ಥಳೀಯ ಸಂಸ್ಥೆ ಅವನಿಂದ ವಸೂಲಿ ಮಾಡಿ ಕಟ್ಟಬೇಕು. 6,500ಕ್ಕೆ 1,170 ರೂಪಾಯಿ. ಹರಾಜಿನ ಪ್ರಕಟಣೆಯಲ್ಲೇ ಇದನ್ನು ಬರೆಯದಿದ್ದರೆ ಗೆದ್ದವನು ಆಮೇಲೆ ಜಗಳಕ್ಕೆ ಬರುತ್ತಾನೆ.

ಮಟ್ಟಗೋಲು
ಮಾಡಿದ್ದು ಫಲ ಕೊಟ್ಟಿತೋ ಇಲ್ಲವೋ ಗೊತ್ತಾಗಬೇಕಾದರೆ ಕೆಲಸಕ್ಕೆ ಮುಂಚೆಯೇ ಎಣಿಸಬೇಕು. ಸಂತೆ ದಿನ, ಒಂದು ಸಾಧಾರಣ ದಿನ, ಒಂದು ಭಾನುವಾರ. ಬೆಳಗ್ಗೆ 10ರಿಂದ 11, ಮಧ್ಯಾಹ್ನ 1ರಿಂದ 2, ಸಂಜೆ 5ರಿಂದ 6. ಬೀದಿಯ ಎರಡು ತುದಿಯಲ್ಲಿ ನಿಂತು ನಡೆದು ಹೋದವರನ್ನು ಎಣಿಸಿ, ಜೊತೆಗೆ ಬೀಗ ಬಿದ್ದ ಅಂಗಡಿಗಳ ಪಟ್ಟಿ ಬರೆಯಿರಿ. ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿದರೆ ಮೂರು ದಿನದ ಕೆಲಸ. ಕಾಮಗಾರಿ ಮುಗಿದ ವರ್ಷ ಅದೇ ತಿಂಗಳಲ್ಲಿ ಮತ್ತೆ ಎಣಿಸಿ. ಜುಲೈ ಎಣಿಕೆಯನ್ನು ಡಿಸೆಂಬರ್ ಎಣಿಕೆಗೆ ಹೋಲಿಸಿದರೆ ಅರ್ಥವಿಲ್ಲ.

ಪೇಟೆಬೀದಿ
ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಸುಂಟಿಕೊಪ್ಪ, ಸಿದ್ದಾಪುರದವರಿಗೂ ಇದೆಲ್ಲ ಅನ್ವಯಿಸುತ್ತದಾ? ಮತ್ತೆ ಸಭೆಗೆ ಹೋಗುವ ಮುಂಚೆ ಯಾವ ಕಾಗದ ಕೈಯಲ್ಲಿರಬೇಕು?

ಸಂತೆಕಟ್ಟೆ
ಅವು ಗ್ರಾಮ ಪಂಚಾಯಿತಿಗಳು, 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಬರುತ್ತವೆ. ಮಳಿಗೆ, ಸಂತೆ ಸುಂಕದ ಅಧಿಕಾರ ಅಲ್ಲಿಯೂ ಇದೆ, ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಬೇಕು. ಬೀದಿ ವ್ಯಾಪಾರಿಗಳ ಕಾಯ್ದೆಯ ಮಾರಾಟ ಸಮಿತಿ ಮಾತ್ರ ನಗರ ಸ್ಥಳೀಯ ಸಂಸ್ಥೆಗಳಿಗೆ.

ಲೆಕ್ಕದಪುಸ್ತಕ
ಕಾಗದದ ಬಗ್ಗೆ: ಮಳಿಗೆಗಳ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕಪಟ್ಟಿ (ತಃಖ್ತೆ), ಸಂತೆ ಸುಂಕ ಹರಾಜಿನ ಷರತ್ತು ಪ್ರತಿ, ಹಣಕಾಸು ಆಯೋಗದ ಕ್ರಿಯಾ ಯೋಜನೆ. ಮೊದಲು ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿ, ಎಷ್ಟೋ ಸಲ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಮೂರು ಕಾಗದ ಬೇಕಾದರೆ ಮೂರು ಅರ್ಜಿ ಹಾಕಿ, ಒಂದರಲ್ಲೇ ತುಂಬಿದರೆ ತಿರಸ್ಕರಿಸಲು ಅವರಿಗೆ ಕಾರಣ ಸಿಗುತ್ತದೆ. ಉತ್ತರಕ್ಕೆ 30 ದಿನ ಕಾಲಾವಕಾಶ ಇರುವುದರಿಂದ, ಜನವರಿ ಸಭೆಗೆ ಬೇಕಾದ ಅರ್ಜಿ ನವೆಂಬರ್ ಕೊನೆಯೊಳಗೆ ಹೋಗಿರಲಿ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೂ ಬಜೆಟ್ ಆಗಲೇಬೇಕು. ಆಗ ಮನವಿಯ ಒಂದು ಪ್ರತಿ ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ, ಇನ್ನೊಂದು ಪ್ರತಿ ಆಡಳಿತಾಧಿಕಾರಿಗೆ ಕೊಟ್ಟು, ಎರಡಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.